ಬೆನ್ನುಮೂಳೆ ಕುಸಿದವರ ಆರೈಕೆ: ಕೊಡಗಿನ ನರ್ಸ್‌ಗಳಿಗೆ ಒಂದು ಕೈಪಿಡಿ

ಅರವತ್ತು ದಾಟಿದ ಹೆಂಗಸು ಸೊಂಟ ಹಿಡಿದುಕೊಂಡು ಬಂದರೆ ಒಂದು ಡೈಕ್ಲೋಫೆನಾಕ್ ಇಂಜೆಕ್ಷನ್, ಒಂದು ಟ್ಯೂಬ್ ಮುಲಾಮು, ಜೊತೆಗೆ "ವಯಸ್ಸಾಯ್ತಲ್ಲ ಅಜ್ಜಿ" ಅನ್ನುವ ಮಾತು. ನಮ್ಮ ಕಡೆ ನಡೆಯುವುದು ಇದೇ ಅಲ್ವಾ? ಅವರಲ್ಲಿ ಎಷ್ಟೋ ಮಂದಿಗೆ ಆಗಿರುವುದು ಉಳುಕಲ್ಲ. ಮೂಳೆ ಸವೆದು ಟೊಳ್ಳಾಗಿ, ಬೆನ್ನುಮೂಳೆಯ ಒಂದು ಬಿಲ್ಲೆಯೇ (ವರ್ಟಿಬ್ರಾ ಅನ್ನುವ ಮೂಳೆ) ಕುಸಿದಿರುತ್ತದೆ. ಆಸ್ಟಿಯೊಪೊರೋಸಿಸ್, ಅಂದರೆ ಈ ಮೂಳೆ ಸವೆತದಿಂದ ಆಗುವ ಇಂಥ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಯಾರ ಗಮನಕ್ಕೂ ಬರದೆ ಹೋಗುತ್ತವೆ.

ತಾಲ್ಲೂಕು ಆಸ್ಪತ್ರೆ, ತೋಟದ ಡಿಸ್ಪೆನ್ಸರಿ, ಮನೆಗೆ ಹೋಗಿ ನೋಡುವ ಡ್ಯೂಟಿ, ಎಲ್ಲೇ ಇರಲಿ, ಈ ರೋಗಿಗಳ ಹತ್ತಿರ ಡಾಕ್ಟರ್ ಇರುವುದು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ನಾವೇ. ನನ್ನ ಪ್ರಕಾರ ನಮ್ಮ ಕೆಲಸ ಎರಡು. ಹಾಸಿಗೆ ಅವರನ್ನು ತಿಂದುಹಾಕದ ಹಾಗೆ ನೋಡಿಕೊಳ್ಳುವುದು ಒಂದು. ಎರಡನೇ ಬಿಲ್ಲೆ ಕುಸಿಯದ ಹಾಗೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಒಂದಿಷ್ಟು ಮಾಡುತ್ತೇವೆ. ಎರಡನೆಯದು ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಕೈತಪ್ಪಿ ಹೋಗುತ್ತದೆ. ಒಂದು ಬಿಲ್ಲೆ ಕುಸಿದವರಲ್ಲಿ ಹತ್ತಿರ ಹತ್ತಿರ ಐವರಲ್ಲಿ ಒಬ್ಬರಿಗೆ ಒಂದೇ ವರ್ಷದೊಳಗೆ ಇನ್ನೊಂದು ಕುಸಿಯುತ್ತದೆ ಅನ್ನುವುದು ನೆನಪಿದ್ದರೆ ಆ ಗಡಿಬಿಡಿಗೆ ಕ್ಷಮೆ ಇಲ್ಲ ಅನ್ನಿಸುತ್ತದೆ.

ಗುರುತಿಸುವುದು

"ಬಿದ್ರಾ?" ಅಂತ ಮಾತ್ರ ಕೇಳಿದರೆ "ಇಲ್ಲ" ಅಂತಾರೆ. ಅಲ್ಲಿಗೆ ಮಾತು ಮುಗಿಯಿತು. ಬಿದ್ದೇ ಇರಬೇಕು ಅಂತೇನಿಲ್ಲ. ನೀರಿನ ಬಕೆಟ್ ಎತ್ತುವಾಗ, ಬಗ್ಗಿ ಕಾಫಿ ಹಣ್ಣು ಹೆಕ್ಕುವಾಗ, ಜೋರಾಗಿ ಸೀನಿದಾಗ, ತೋಟದ ರಸ್ತೆಯಲ್ಲಿ ಜೀಪು ಒಂದು ಗುಂಡಿಗೆ ಬಿದ್ದಾಗ, ಇಷ್ಟೇ ಸಾಕು. "ನೋವು ಶುರುವಾದಾಗ ಏನು ಮಾಡ್ತಾ ಇದ್ರಿ?" ಅಂತ ಕೇಳಿ. "ಟಕ್ ಅಂತು ಸಿಸ್ಟರ್" ಅನ್ನುವ ಉತ್ತರ ಬಂದರೆ ಕಿವಿ ನೆಟ್ಟಗಾಗಬೇಕು. ನಿಂತರೆ, ನಡೆದರೆ ಜಾಸ್ತಿ, ಮಲಗಿದರೆ ಕಡಿಮೆ, ಪಕ್ಕಕ್ಕೆ ಹೊರಳುವಾಗ ಜೀವ ಹೋಗುವ ಹಾಗೆ: ಈ ಮುರಿತದ ನೋವಿನ ಗುಣ ಹೀಗೆ. ಎದೆಯ ಬೆನ್ನುಮೂಳೆ ಮುಗಿದು ಸೊಂಟದ್ದು ಶುರುವಾಗುವ ಜಾಗ, ಅಂದರೆ ಟಿ12 ಮತ್ತು ಎಲ್1, ಕುಸಿಯುವುದು ಹೆಚ್ಚು. ಬೆನ್ನಿನ ನಡುಭಾಗದ ಟಿ7, ಟಿ8 ಕೂಡ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರೆ ಒಂದೇ ಜಾಗದಲ್ಲಿ ನೋವು ತೋರಿಸುತ್ತಾರೆ. ಕೆಲವರಿಗೆ ನೋವು ಪಕ್ಕೆ ಸುತ್ತಿ ಹೊಟ್ಟೆಯ ಕಡೆಗೆ ಬರುತ್ತದೆ, ಗ್ಯಾಸ್ ಅಂತ ಮಾತ್ರೆ ನುಂಗುತ್ತಾ ಇರುತ್ತಾರೆ.

ಎತ್ತರ ಅಳೆಯಿರಿ. ಇದಕ್ಕೆ ಯಾವ ಮೆಷಿನ್ನೂ ಬೇಡ. ಯೌವನದಲ್ಲಿದ್ದ ಎತ್ತರಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ ಎಕ್ಸ್‌ರೇ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಹಳೆಯ ಎತ್ತರ ಯಾರಿಗೆ ಗೊತ್ತಿರುತ್ತೆ ಅಂತೀರಾ? "ಸೀರೆ ಈಗೀಗ ನೆಲಕ್ಕೆ ಎಳೆಯುತ್ತಾ?" ಅಂತ ಕೇಳಿ, ಮಗಳೇ ಉತ್ತರ ಕೊಡುತ್ತಾಳೆ. ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ ನಿಲ್ಲಿಸಿದಾಗ ತಲೆಯ ಹಿಂಭಾಗ ಗೋಡೆಗೆ ತಾಗದಿದ್ದರೆ ಎದೆಯ ಭಾಗದ ಬಿಲ್ಲೆಗಳ ಮೇಲೆ ಅನುಮಾನ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಎರಡು ಬೆರಳಿನಷ್ಟೂ ಜಾಗ ಇಲ್ಲದಿದ್ದರೆ ಸೊಂಟದ ಭಾಗದ ಮೇಲೆ ಅನುಮಾನ.

ಜೊತೆಗೆ ಹಳೆಯ ಕತೆ ಕೇಳಿ. ಮುಟ್ಟು ಬೇಗ ನಿಂತಿತ್ತಾ, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ್ದಾರಾ, ಆಸ್ತಮಾಕ್ಕೋ ಕೀಲುವಾತಕ್ಕೋ ಸ್ಟೀರಾಯ್ಡ್ ಮಾತ್ರೆ ವರ್ಷಗಟ್ಟಲೆ ನುಂಗಿದ್ದಾರಾ, ಫಿಟ್ಸ್ ಮಾತ್ರೆ ಇದೆಯಾ, ಅವರ ತಾಯಿಗೆ ಸೊಂಟ ಮುರಿದಿತ್ತಾ. ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ನೋವಿಗೆ ಅಂತ ತಿನ್ನುವವರೂ ಇದ್ದಾರೆ, ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು, ಪೊಟ್ಟಣ ತರಲು ಹೇಳಿ. ಗಂಡಸರನ್ನು ಬಿಡಬೇಡಿ. ಬೀಡಿ, ಸಿಗರೇಟು, ದಿನಾ ಸಂಜೆ ಪೆಗ್, ಇವು ಗಂಡಸರ ಮೂಳೆಯನ್ನೂ ಸವೆಸುತ್ತವೆ.

ಕಾಯದೆ ಡಾಕ್ಟರನ್ನು ಕರೆಯಿರಿ

ಎಲ್ಲ ಬೆನ್ನು ಕುಸಿತವೂ ಮೂಳೆ ಸವೆತದ್ದೇ ಅಲ್ಲ. ಸಂಜೆ ಹೊತ್ತು ಸಣ್ಣ ಜ್ವರ, ತೂಕ ಇಳಿಯುವುದು, ಹಸಿವಿಲ್ಲ, ಮಲಗಿದರೂ ರಾತ್ರಿ ನೋವು ಬಿಡುವುದಿಲ್ಲ ಅಂದರೆ ಬೆನ್ನುಮೂಳೆಯ ಟಿಬಿ, ಕ್ಯಾನ್ಸರ್, ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್) ಇವೆಲ್ಲ ತಲೆಯಲ್ಲಿರಬೇಕು. ಇದನ್ನು ನರ್ಸ್ ನೋಟ್ಸ್‌ನಲ್ಲಿ ಬರೆದು ಸುಮ್ನೆ ಕೂರಬೇಡಿ, ಬಾಯಿಬಿಟ್ಟು ಹೇಳಿ.

ಇನ್ನೊಂದು ತುರ್ತು ಅಂದರೆ ನರ ಒತ್ತಿಕೊಳ್ಳುವುದು. ಪ್ರತಿ ಶಿಫ್ಟ್‌ನಲ್ಲಿ ಕಾಲು ನೋಡಿ. ಪಾದವನ್ನು ನಿಮ್ಮ ಕೈಗೆ ಒತ್ತಲು ಹೇಳಿ, ಆಮೇಲೆ ಮೇಲಕ್ಕೆ ಎಳೆಯಲು ಹೇಳಿ, ಎರಡು ಕಡೆಯೂ ಸಮ ಇದೆಯಾ ನೋಡಿ. ಮುಟ್ಟಿದ್ದು ಗೊತ್ತಾಗುತ್ತಾ ಕೇಳಿ. ಕೂರುವ ಜಾಗ, ತೊಡೆಸಂದು ಮರಗಟ್ಟಿದ ಹಾಗಿದೆಯಾ ಅಂತ ಕೇಳಲು ನಾಚಿಕೆ ಬೇಡ, ಪರದೆ ಎಳೆದು ಕೇಳಿ. ಆರೆಂಟು ಗಂಟೆ ಮೂತ್ರ ಹೋಗಿಲ್ಲ, ಕೆಳಹೊಟ್ಟೆ ಗಟ್ಟಿಯಾಗಿದೆ, ಅಥವಾ ಗೊತ್ತಿಲ್ಲದೆ ಮೂತ್ರ, ಮಲ ಹೋಗುತ್ತಿದೆ, ಅಥವಾ ನಿನ್ನೆ ಎತ್ತುತ್ತಿದ್ದ ಕಾಲು ಇವತ್ತು ಏಳುತ್ತಿಲ್ಲ. ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಅದೇ ಗಂಟೆಯಲ್ಲಿ ಡಾಕ್ಟರಿಗೆ ತಿಳಿಯಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಅದು ತೆರೆದಿದೆಯಾ ಅಂತ ಮೊದಲು ಕೇಳಬೇಕು. ರೈಲಂತೂ ನಮ್ಮ ಜಿಲ್ಲೆಗಿಲ್ಲ. ಹಾಗಾಗಿ ಬೆಳಗಿನ ರೌಂಡ್ಸ್‌ವರೆಗೆ ಕಾಯುವುದು ಇಲ್ಲಿ ದುಬಾರಿ.

ತೋಟದಿಂದ ತರುವಾಗ

ಫೋನ್ ಬಂದಾಗ ಮೊದಲು ಕೇಳಬೇಕಾದದ್ದು: ಎತ್ತರದಿಂದ ಬಿದ್ದದ್ದಾ? ಕರಿಮೆಣಸು ಕೊಯ್ಯುವ ಏಣಿಯಿಂದ ಬಿದ್ದಿದ್ದರೆ ಅದು ಬೇರೆಯೇ ಕತೆ, ಅವರನ್ನು ಕೂರಿಸದೆ, ನಡೆಸದೆ, ಕುತ್ತಿಗೆ, ಬೆನ್ನು ಅಲುಗದ ಹಾಗೆ 108ರಲ್ಲೇ ತರಬೇಕು. ಸುಮ್ನೆ ಬಗ್ಗಿದಾಗ ಹಿಡಿದುಕೊಂಡದ್ದಾದರೂ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ ಕುಲುಕಾಡಿಸಿಕೊಂಡು ತರಬೇಡಿ ಅಂತ ಹೇಳಿ. ಗಟ್ಟಿ ಹಲಗೆ, ಮೇಲೆ ಹಾಸಿಗೆ, ಮಂಡಿಯ ಕೆಳಗೆ ಒಂದು ದಿಂಬು, ಗಾಡಿ ನಿಧಾನ. ಮೊದಲೇ ಗೂನು ಇರುವವರನ್ನು ಚಪ್ಪಟೆಯಾಗಿ ಮಲಗಿಸಲು ಒತ್ತಾಯ ಮಾಡಬಾರದು. ತಲೆ, ಭುಜದ ಕೆಳಗೆ ದಿಂಬು ಕೊಟ್ಟು ಅವರ ಬೆನ್ನು ಹೇಗಿದೆಯೋ ಹಾಗೇ ಇರಲಿ.

ಮನೆಯಲ್ಲಿ ಉಳುಕು ತೆಗೆಯುವವರನ್ನು ಕರೆಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಬೈದು ಪ್ರಯೋಜನ ಇಲ್ಲ. "ಎಣ್ಣೆ ಸವರಿ ಬಿಡಿ, ಪರವಾಗಿಲ್ಲ, ಆದರೆ ಬೆನ್ನಿನ ಮೇಲೆ ಒತ್ತುವುದು, ತಿರುಚುವುದು, ತುಳಿಯುವುದು ಬೇಡವೇ ಬೇಡ" ಅಂದರೆ ಕೇಳುತ್ತಾರೆ.

ಹೊರಳಿಸುವುದು, ಎಬ್ಬಿಸುವುದು

ಇದನ್ನು ಕೈಯಾರೆ ಕಲಿಯಬೇಕು, ಕಲಿಸಬೇಕು. ಬೆನ್ನು ತಿರುಚಬಾರದು, ಮುಂದಕ್ಕೆ ಬಗ್ಗಬಾರದು. ಉಳಿದದ್ದೆಲ್ಲ ಇದಕ್ಕೆ ತಕ್ಕ ಹಾಗೆ.

ಹೊರಳಿಸಲು ಇಬ್ಬರು ಬೇಕು, ತೂಕದವರಾದರೆ ಮೂವರು. ಎಲ್ಲರೂ ಯಾವ ಕಡೆಗೆ ಹೊರಳಿಸುತ್ತೇವೋ ಆ ಪಕ್ಕದಲ್ಲೇ ನಿಲ್ಲಿ. ರೋಗಿಯ ಕೈಗಳು ಎದೆಯ ಮೇಲೆ, ಮಂಡಿಗಳ ನಡುವೆ ದಿಂಬು. ಒಬ್ಬರ ಕೈ ಆಚೆ ಬದಿಯ ಭುಜ ಮತ್ತು ಸೊಂಟದ ಮೇಲೆ, ಇನ್ನೊಬ್ಬರದು ತೊಡೆ ಮತ್ತು ಮಂಡಿಯ ಹತ್ತಿರ. ಎಣಿಸುವವರು ಒಬ್ಬರೇ, ತಲೆಯ ಹತ್ತಿರ ಇರುವವರು. ಒಂದು, ಎರಡು, ಮೂರು ಅಂದಾಗ ಭುಜ, ಸೊಂಟ, ಕಾಲು ಮೂರೂ ಒಟ್ಟಿಗೆ, ಮರದ ದಿಮ್ಮಿ ಉರುಳಿದ ಹಾಗೆ. ಭುಜ ಮುಂದೆ ಹೋಗಿ ಸೊಂಟ ಹಿಂದೆ ಉಳಿದರೆ ಅಜ್ಜಿಯ ಮುಖ ನೋಡಿದರೇ ತಿಳಿಯುತ್ತದೆ. ಬೆನ್ನಿಗೆ ಒಂದು ದಿಂಬು ಆತುಕೊಡಿ. ಅಂಗಾತ ಮಲಗಿದ್ದಾಗ ಮಂಡಿ ಕೆಳಗೆ ದಿಂಬು ಇದ್ದರೆ ಸೊಂಟ ಸಡಿಲವಾಗುತ್ತದೆ. ಹಾಸಿಗೆ ಗಟ್ಟಿ ಇರಲಿ, ಆದರೆ ನೆಲದ ಮೇಲೆ ಚಾಪೆ ಬೇಡ. ನೆಲದಿಂದ ಏಳುವುದೇ ಈ ಬೆನ್ನಿಗೆ ಶಿಕ್ಷೆ.

ಎಬ್ಬಿಸುವಾಗ ಕೈ ಹಿಡಿದು ಎಳೆದು ಕೂರಿಸುವುದು ನಮ್ಮ ಜನರ ಪ್ರೀತಿಯ ವಿಧಾನ. ಎರಡು ಕೈಯನ್ನೂ ಹಿಡಿದು "ಏಳಿ ಅಜ್ಜಿ" ಅಂತ ಎಳೆಯುತ್ತಾರೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಕುಸಿದ ಬಿಲ್ಲೆಯ ಮುಂಭಾಗದ ಮೇಲೆ ಪೂರ್ತಿ ಭಾರ ಬೀಳುತ್ತದೆ. ಇದನ್ನು ಮೊದಲ ದಿನವೇ ನಿಲ್ಲಿಸಿ. ಸರಿಯಾದ ಕ್ರಮ ಹೀಗೆ: ಮಂಡಿ ಮಡಚಿ, ಮೇಲೆ ಹೇಳಿದಂತೆ ಒಂದು ಪಕ್ಕಕ್ಕೆ ಹೊರಳಬೇಕು, ಮಂಚದ ಅಂಚಿಗೆ ಬರಬೇಕು, ಕಾಲುಗಳನ್ನು ಕೆಳಗೆ ಇಳಿಬಿಡುತ್ತಿದ್ದಂತೆ ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈಯಿಂದ ಹಾಸಿಗೆಯನ್ನು ಒತ್ತಿ ಏಳಬೇಕು. ಕಾಲಿನ ಭಾರವೇ ಮೈಯನ್ನು ಎತ್ತುತ್ತದೆ, ನಮ್ಮ ಕೈ ಭುಜದ ಹಿಂದೆ ಆಸರೆಗೆ ಮಾತ್ರ. ಮಲಗುವಾಗ ಇದೇ ಕ್ರಮ ತಿರುಗುಮುರುಗು. ಎದ್ದ ಕೂಡಲೇ ನಿಲ್ಲಿಸಬೇಡಿ. ಎರಡು ಮೂರು ನಿಮಿಷ ಅಂಚಿನಲ್ಲಿ ಕೂರಲಿ, ತಲೆ ಸುತ್ತುತ್ತಾ ಕೇಳಿ, ಬಿಪಿ ನೋಡಿ. ಎದ್ದಾಗ ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಅವತ್ತು ನಡಿಗೆ ಬೇಡ, ಡಾಕ್ಟರಿಗೆ ಹೇಳಿ.

ಎಷ್ಟು ದಿನ ಮಲಗಬೇಕು ಅಂತ ಮನೆಯವರು ಕೇಳುತ್ತಾರೆ. "ಮೂರು ತಿಂಗಳು ಬೆಡ್ ರೆಸ್ಟ್" ಅಂತ ಯಾರೋ ಹೇಳಿರುತ್ತಾರೆ. ನರದ ತೊಂದರೆ ಇಲ್ಲ, ಮುರಿತ ಸ್ಥಿರವಾಗಿದೆ ಅಂತ ಡಾಕ್ಟರ್ ಹೇಳಿದ ಮೇಲೆ ತಿಂಗಳುಗಟ್ಟಲೆ ಮಲಗಿಸುವುದು ಕೇಡು. ಮಲಗಿದಷ್ಟೂ ಮೂಳೆ ಇನ್ನೂ ಸವೆಯುತ್ತದೆ, ತೊಡೆಯ ಬಲ ಹೋಗುತ್ತದೆ, ಎದ್ದ ದಿನ ಬೀಳುತ್ತಾರೆ. ಮೊದಲ ಒಂದೆರಡು ದಿನ ನೋವಿಗೆ ತಕ್ಕಷ್ಟು ವಿಶ್ರಾಂತಿ, ಆಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಕೂರುವುದು, ನಿಲ್ಲುವುದು, ವಾಕರ್ ಹಿಡಿದು ಬಾಗಿಲವರೆಗೆ, ಮತ್ತೆ ಬಂದು ಮಲಗುವುದು. ಒಂದೇ ಸಲ ಒಂದು ಗಂಟೆ ಕೂರುವುದಕ್ಕಿಂತ ಹತ್ತು ಹದಿನೈದು ನಿಮಿಷದಂತೆ ದಿನಕ್ಕೆ ಆರೇಳು ಸಲ ಕೂರುವುದು ಒಳ್ಳೆಯದು.

ನೋವಿನ ಲೆಕ್ಕ

ಸುಮ್ಮನೆ ಮಲಗಿರುವಾಗ "ನೋವು ಎಷ್ಟು?" ಅಂದರೆ "ಪರವಾಗಿಲ್ಲ" ಅಂತಾರೆ. ಹೊರಳಿದಾಗ, ಕೆಮ್ಮಿದಾಗ, ನಿಂತಾಗ ಹತ್ತಕ್ಕೆ ಎಷ್ಟು ಅಂತ ಕೇಳಿ, ಅದನ್ನೇ ಬರೆಯಿರಿ. ಮರೆವಿನ ಕಾಯಿಲೆ ಇರುವವರಲ್ಲಿ ಮುಖ ಸಿಂಡರಿಸುವುದು, ನರಳುವುದು, ಮುಟ್ಟಲು ಬಿಡದಿರುವುದೇ ಅಂಕಿ. ನೋವಿನ ಮಾತ್ರೆಯನ್ನು ನಡೆಸುವ ಅರ್ಧ ಮುಕ್ಕಾಲು ಗಂಟೆ ಮೊದಲು ಕೊಟ್ಟರೆ ಮಾತ್ರೆಗೂ ನಡಿಗೆಗೂ ಅರ್ಥ ಬರುತ್ತದೆ. ನಮ್ಮ ಕೈಯಲ್ಲಿರುವ ಈ ಒಂದು ಹೊಂದಾಣಿಕೆಯಿಂದಲೇ ಎಷ್ಟೋ ರೋಗಿಗಳು ಬೇಗ ಎದ್ದು ಓಡಾಡುತ್ತಾರೆ.

ಪ್ಯಾರಾಸಿಟಮಾಲ್ ಹೊತ್ತು ಹೊತ್ತಿಗೆ ಕೊಡಬೇಕು. ವಯಸ್ಸಾದವರಿಗೆ ದಿನಕ್ಕೆ 3 ಗ್ರಾಂ ದಾಟದ ಹಾಗೆ, ತೂಕ 50 ಕಿಲೋಗಿಂತ ಕಡಿಮೆ ಇದ್ದರೆ ಇನ್ನೂ ಕಡಿಮೆ. ಟ್ರಾಮಡಾಲ್ (ಜೋರು ನೋವಿನ ಔಷಧಿ) ಜೊತೆ ಬೆರೆಸಿದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಕೂಡಿಸಿ ಲೆಕ್ಕ ಹಾಕಿ. ಡೈಕ್ಲೋಫೆನಾಕ್ ಜಾತಿಯವು ಕಿಡ್ನಿ, ಬಿಪಿ, ಹೊಟ್ಟೆ ಮೂರಕ್ಕೂ ಭಾರ, ಅದನ್ನು ವಾರಗಟ್ಟಲೆ ಮುಂದುವರಿಸಿದ ಚೀಟಿ ಕಂಡರೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿದ್ದಾರಾ ಕೇಳಿ. ಟ್ರಾಮಡಾಲ್ ಕೊಟ್ಟ ದಿನ ತಲೆಸುತ್ತು, ವಾಂತಿ, ಮಂಪರು ಬರುತ್ತದೆ, ಒಬ್ಬರೇ ಬಚ್ಚಲಿಗೆ ಹೋಗಬಾರದು. ಸಂಜೆ ಪೆಗ್ ರೂಢಿ ಇರುವ ಅಜ್ಜಂದಿರಿಗೆ ಎರಡೂ ಒಟ್ಟಿಗೆ ಆಗದು ಅಂತ ನೇರವಾಗಿ ಹೇಳಿ, ಸುತ್ತಿ ಬಳಸಿ ಹೇಳಿದರೆ "ಒಂದು ಸಣ್ಣದು" ಅಂತ ದಾರಿ ಹುಡುಕುತ್ತಾರೆ. ಬಿಸಿನೀರಿನ ಬ್ಯಾಗನ್ನು ಬಟ್ಟೆ ಸುತ್ತಿ ಕಾಲು ಗಂಟೆ ಇಡಬಹುದು. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ನೋವು ಇಳಿಯುತ್ತದೆ, ಇದನ್ನು ಮೊದಲೇ ಹೇಳಿದರೆ ಧೈರ್ಯ ಬರುತ್ತದೆ. ಇಳಿಯದೆ ಉಳಿದವರಲ್ಲಿ ಕೆಲವರಿಗೆ ಸಿಮೆಂಟ್ ತುಂಬುವ ವರ್ಟಿಬ್ರೊಪ್ಲಾಸ್ಟಿ ಮಾಡುತ್ತಾರೆ. ಅದಾದ ಮೇಲೆ ಒಂದೆರಡು ಗಂಟೆ ಅಂಗಾತ ಮಲಗಿಸಿ ಕಾಲಿನ ಬಲ, ಉಸಿರಾಟ, ಸೂಜಿ ಚುಚ್ಚಿದ ಜಾಗ ನೋಡುತ್ತಿರಬೇಕು.

ಮಲಬದ್ಧತೆಯನ್ನು ಸಣ್ಣದು ಅಂದುಕೊಳ್ಳಬೇಡಿ. ಮಲಗಿರುವುದು, ನೋವಿನ ಮಾತ್ರೆ, ನೀರು ಕುಡಿಯದಿರುವುದು, ಕ್ಯಾಲ್ಸಿಯಂ ಮಾತ್ರೆ ಎಲ್ಲ ಸೇರಿ ನಾಲ್ಕನೇ ದಿನಕ್ಕೆ ಹೊಟ್ಟೆ ಕಲ್ಲಾಗುತ್ತದೆ. ಮುಕ್ಕಿದರೆ ಬೆನ್ನು ನೋವು ಏರುತ್ತದೆ. ಬೆಡ್‌ಪ್ಯಾನ್ ಕೇಳಲು ನಾಚಿಕೆಯಾಗಿ ನೀರು ಕುಡಿಯುವುದನ್ನೇ ಬಿಡುವ ಅಜ್ಜಿಯರಿದ್ದಾರೆ. ಟ್ರಾಮಡಾಲ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿ ಬರೆಸಿಕೊಳ್ಳಿ. ಇಸಬ್‌ಗೋಲ್ ಕೊಟ್ಟರೆ ಜೊತೆಗೆ ನೀರು ಸಾಕಷ್ಟು ಹೋಗಬೇಕು, ಇಲ್ಲದಿದ್ದರೆ ಅದೇ ಕಟ್ಟಿಕೊಳ್ಳುತ್ತದೆ. ಬೆಡ್‌ಪ್ಯಾನ್ ಇಡುವಾಗ ಸೊಂಟ ಎತ್ತಿಸಬೇಡಿ, ಪಕ್ಕಕ್ಕೆ ಹೊರಳಿಸಿ ಇಟ್ಟು ಮತ್ತೆ ಹೊರಳಿಸಿ. ಸಾಧ್ಯವಾದ ದಿನದಿಂದಲೇ ಎತ್ತರದ ಕಮೋಡ್ ಕುರ್ಚಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗ್ಯಾಸೂ ಹೋಗುತ್ತಿಲ್ಲ ಅಂದರೆ ಕರುಳು ನಿಂತಿರಬಹುದು, ಬಾಯಿಗೆ ಏನೂ ಕೊಡದೆ ಡಾಕ್ಟರನ್ನು ಕರೆಯಿರಿ.

ಉಳಿದ ಹಾಸಿಗೆ ತೊಂದರೆಗಳು ನಮಗೆಲ್ಲ ಗೊತ್ತಿರುವವೇ. ಎರಡು ಗಂಟೆಗೊಮ್ಮೆ ಮಗ್ಗುಲು, ಹಿಮ್ಮಡಿ ಮತ್ತು ಬಾಲಮೂಳೆಯ ಚರ್ಮ ನೋಡುವುದು, ಪಾದ ಮೇಲೆ ಕೆಳಗೆ ಆಡಿಸುವುದು, ಒಂದೇ ಕಾಲು ಊದಿದೆಯಾ ನೋಡುವುದು, ಅಗತ್ಯವಿಲ್ಲದೆ ಕ್ಯಾತಿಟರ್ ಹಾಕದಿರುವುದು. ಉಸಿರಾಟದ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ಗೂನು ಬೆನ್ನಿನಲ್ಲಿ ಶ್ವಾಸಕೋಶಕ್ಕೆ ಜಾಗ ಮೊದಲೇ ಕಡಿಮೆ, ನೋವಿಗೆ ಹೆದರಿ ಪೂರ್ತಿ ಉಸಿರು ಎಳೆಯುವುದಿಲ್ಲ, ಕೆಮ್ಮುವುದಿಲ್ಲ, ಹೊರಗೆ ಜುಲೈ ಥಂಡಿ. ನ್ಯುಮೋನಿಯಾ ಬರಲು ಇನ್ನೇನು ಬೇಕು? ಉಸಿರಾಟದ ವ್ಯಾಯಾಮಕ್ಕೆ ಕೊಡುವ ಸ್ಪೈರೋಮೀಟರ್‌ನ ಮೂರು ಚೆಂಡನ್ನು ಊದಿ ಎತ್ತಲು ನೋಡುತ್ತಾರೆ, ಅದು ಎಳೆಯುವುದು ಅಂತ ತೋರಿಸಿ. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಅಪ್ಪಿ ಹಿಡಿದರೆ ನೋವು ಕಡಿಮೆ.

ಬೆಲ್ಟ್

ಟೇಲರ್ ಬ್ರೇಸ್, ಎದೆಯ ಮುಂದೆ ಕಬ್ಬಿಣದ ಪಟ್ಟಿ ಬರುವ ಆಶ್ ಬ್ರೇಸ್, ಯಾವುದು ಬರೆದರೂ ಒಂದು ಮಾತು ಹೇಳಿಬಿಡಿ: ಬೆಲ್ಟ್ ಮೂಳೆಯನ್ನು ಕೂಡಿಸುವುದಿಲ್ಲ, ಬಗ್ಗದ ಹಾಗೆ ಹಿಡಿದು ನೋವು ತಗ್ಗಿಸುತ್ತದೆ ಅಷ್ಟೇ. ಮಲಗಿ ಹಾಕಬೇಕಾ, ಕೂತು ಹಾಕಬಹುದಾ, ರಾತ್ರಿ ತೆಗೆಯಬಹುದಾ ಅಂತ ಡಾಕ್ಟರ ಹತ್ತಿರ ಕೇಳಿ ಬರೆದುಕೊಡಿ. ಒಳಗೆ ಹತ್ತಿ ಬನಿಯನ್ ಇರಬೇಕು, ಸುಕ್ಕು ಇರಬಾರದು, ಎರಡು ಬೆರಳು ತೂರುವಷ್ಟು ಸಡಿಲ ಇರಬೇಕು, ಊಟ ಮಾಡಿದ ಮೇಲೂ ಉಸಿರು ಕಟ್ಟಬಾರದು. ತೆಗೆದಾಗಲೆಲ್ಲ ಚರ್ಮ ನೋಡಿ, ಅರ್ಧ ಗಂಟೆಯಾದರೂ ಹೋಗದ ಕೆಂಪು ಗುರುತು ಇದ್ದರೆ ಬೆಲ್ಟ್ ಸರಿಹೊಂದಿಸಬೇಕು. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲಿನ ತಂತಿಯಲ್ಲಿ ಮಾತ್ರ, ತೇವದ ಬನಿಯನ್ ಮೇಲೇ ಬೆಲ್ಟ್ ಬಿಗಿದರೆ ವಾರದಲ್ಲಿ ಹುಳುಕಡ್ಡಿ. ನಾಲ್ಕೈದು ಬನಿಯನ್ ಇಟ್ಟುಕೊಳ್ಳಲು ಹೇಳಿ. ತಿಂಗಳುಗಳ ಮೇಲೂ ಬಿಡದೆ ಕಟ್ಟಿಕೊಂಡರೆ ಬೆನ್ನಿನ ಸ್ನಾಯು ಸೋಮಾರಿಯಾಗುತ್ತದೆ, ಯಾವಾಗ ಬಿಡಬೇಕು ಅನ್ನುವ ದಿನಾಂಕವೂ ಚೀಟಿಯಲ್ಲಿರಲಿ.

ಮೂಳೆಯ ಔಷಧಿ, ಅಂದರೆ ನಿಜವಾದ ಚಿಕಿತ್ಸೆ

ನೋವು ಕಡಿಮೆಯಾಯಿತು, ಮನೆಗೆ ಹೋದರು, ಚೀಟಿಯಲ್ಲಿ ಕ್ಯಾಲ್ಸಿಯಂ ಬಿಟ್ಟು ಬೇರೆ ಇಲ್ಲ. ಇಂಥ ಚೀಟಿ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸಣ್ಣ ಕಾರಣಕ್ಕೆ ಬಿಲ್ಲೆ ಕುಸಿದಿದೆ, ಬೇರೆ ಕಾಯಿಲೆ ಇಲ್ಲ ಅಂದಮೇಲೆ ಆಸ್ಟಿಯೊಪೊರೋಸಿಸ್ ಇದೆ ಅಂತಲೇ ಅರ್ಥ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬರಲಿ ಅಂತ ಕಾಯಬೇಕಾಗಿಲ್ಲ. "ಸಾರ್, ಮೂಳೆ ಗಟ್ಟಿಯಾಗಲು ಏನಾದರೂ ಬರೀತೀರಾ?" ಅಂತ ಡಿಸ್ಚಾರ್ಜ್‌ಗೆ ಮೊದಲು ಕೇಳುವುದು ನಮ್ಮ ಕೆಲಸ. ಕೇಳಿದರೆ ಬೇಜಾರು ಮಾಡಿಕೊಳ್ಳುವವರು ಕಡಿಮೆ.

ಅಲೆಂಡ್ರೊನೇಟ್ 70 ಮಿಲಿಗ್ರಾಂ, ವಾರಕ್ಕೊಂದು ಮಾತ್ರೆ. ಇಲ್ಲಿ ಕೊಡಗಿನ ದೊಡ್ಡ ಶತ್ರು ಬೆಳಗಿನ ಕಾಫಿ. ಕಣ್ಣು ಬಿಟ್ಟ ಕೂಡಲೇ ಬೆಲ್ಲದ ಕಾಫಿ ಬೇಕು, ಮಾತ್ರೆಯೂ ಅದರ ಜೊತೆಗೇ ಹೋಗುತ್ತದೆ. ಕಾಫಿಯ ಜೊತೆ ನುಂಗಿದರೆ ಮೈಗೆ ಹತ್ತುವ ಪ್ರಮಾಣ ಸುಮಾರು ಶೇಕಡಾ 60ರಷ್ಟು ಇಳಿದುಹೋಗುತ್ತದೆ, ಮೊದಲೇ ಹತ್ತುವುದು ತೀರಾ ಸ್ವಲ್ಪ. ಖಾಲಿ ಹೊಟ್ಟೆ, ಒಂದು ದೊಡ್ಡ ಲೋಟ ಬರೀ ನೀರು, ಆಮೇಲೆ ಅರ್ಧ ಗಂಟೆ ಏನೂ ಇಲ್ಲ, ಮಲಗುವಂತೆಯೂ ಇಲ್ಲ, ಕೂತಿರಬೇಕು ಅಥವಾ ನಿಂತಿರಬೇಕು. ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ನಿಂತು ಹುಣ್ಣು ಮಾಡುತ್ತದೆ. ಹಾಗಾಗಿ ಅರ್ಧ ಗಂಟೆ ಕೂರಲಾಗದ ರೋಗಿಗೆ, ನುಂಗಲು ಕಷ್ಟ ಇರುವವರಿಗೆ ಈ ಮಾತ್ರೆ ಬರೆದಿದ್ದರೆ ತಕ್ಷಣ ಹೇಳಿ. ಯಾವ ದಿನ ಅಂತ ಮರೆಯದಿರಲು ಸಂತೆ ದಿನಕ್ಕೆ ಕಟ್ಟಿಬಿಡಿ. ಮಡಿಕೇರಿ ಕಡೆಯವರಿಗೆ ಶುಕ್ರವಾರ, ಗೋಣಿಕೊಪ್ಪದವರಿಗೆ ಭಾನುವಾರ. "ಸಂತೆ ದಿನ ಕಾಫಿ ಅರ್ಧ ಗಂಟೆ ತಡ" ಅಂದರೆ ಯಾರಿಗೂ ಮರೆಯುವುದಿಲ್ಲ.

ಜೊಲೆಡ್ರೊನಿಕ್ ಆಸಿಡ್ 5 ಮಿಲಿಗ್ರಾಂ ವರ್ಷಕ್ಕೊಮ್ಮೆ ಡ್ರಿಪ್. ದೂರದ ಊರಿನವರಿಗೆ, ಮಾತ್ರೆ ಮರೆಯುವವರಿಗೆ ಇದು ಅನುಕೂಲ. ಹಾಕುವ ಮೊದಲು ಕಿಡ್ನಿ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಯಿದೆಯಾ ನೋಡಿ. ಕ್ರಿಯಾಟಿನಿನ್ ಕ್ಲಿಯರೆನ್ಸ್ 35ಕ್ಕಿಂತ ಕೆಳಗಿದ್ದರೆ ಹಾಕುವಂತಿಲ್ಲ. ಹಲ್ಲು ಕೀಳಿಸುವುದಿದ್ದರೆ ಮೊದಲು ಅದು ಮುಗಿಯಲಿ. ನೀರು ಚೆನ್ನಾಗಿ ಕುಡಿಸಿ, ಡ್ರಿಪ್ ಹದಿನೈದು ನಿಮಿಷಕ್ಕಿಂತ ಬೇಗ ಓಡಿಸಬೇಡಿ. ಮೊದಲ ಸಲ ಹಾಕಿದವರಲ್ಲಿ ಎಷ್ಟೋ ಮಂದಿಗೆ ಮೂರು ದಿನದೊಳಗೆ ಜ್ವರ, ಮೈಕೈ ನೋವು ಬರುತ್ತದೆ. ಹೇಳದೆ ಕಳಿಸಿದರೆ ಡೆಂಗಿಯೋ ಇಲಿ ಜ್ವರವೋ ಅಂತ ಮನೆಯವರು ಹೆದರಿ ಓಡಿ ಬರುತ್ತಾರೆ. ಪ್ಯಾರಾಸಿಟಮಾಲ್ ಸಾಕು, ಮೂರು ದಿನ ದಾಟಿಯೂ ಜ್ವರ ಇದ್ದರೆ ಮಾತ್ರ ಬನ್ನಿ ಅನ್ನಿ.

ಡೆನೊಸುಮ್ಯಾಬ್ 60 ಮಿಲಿಗ್ರಾಂ, ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ. ಇದರ ಅಪಾಯ ಇರುವುದು ತಪ್ಪಿಸುವುದರಲ್ಲಿ. ಸಮಯಕ್ಕೆ ಸರಿಯಾಗಿ ಹಾಕದೆ ಏಳು ತಿಂಗಳು ದಾಟಿದರೆ ಮೂಳೆ ಸವೆತ ಒಮ್ಮೆಗೇ ಜೋರಾಗಿ ಒಂದರ ಮೇಲೊಂದು ಬಿಲ್ಲೆ ಕುಸಿಯಬಹುದು. ರಸ್ತೆ ಮುಚ್ಚಿತ್ತು, ಕರೆಂಟ್ ಇರಲಿಲ್ಲ, ಭಾಗಮಂಡಲದಲ್ಲಿ ನೀರು ಬಂದಿತ್ತು ಅನ್ನುವುದನ್ನು ಮೂಳೆ ಕೇಳುವುದಿಲ್ಲ. 2018ರ ಆಗಸ್ಟ್‌ನ ನೆರೆ, ಭೂಕುಸಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶುರು ಮಾಡುವಾಗಲೇ ಯಾವ ತಿಂಗಳು ಅಂತ ಡಾಕ್ಟರ ಹತ್ತಿರ ಮಾತಾಡಿ. ನಮಗೊಂದು ಒಳ್ಳೆ ಜೋಡಿ ಇದೆ: ಏಪ್ರಿಲ್ ನಡುವಿನ ಎಡಮ್ಯಾರ್ ಒಂದು (ಕೊಡವರ ಹೊಸ ವರ್ಷ), ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ. ಎರಡಕ್ಕೂ ನಡುವೆ ಆರು ತಿಂಗಳು, ಎರಡೂ ಜೋರು ಮಳೆಯ ಹೊರಗೆ. ಕ್ಯಾಲೆಂಡರ್ ನೋಡದ ಮನೆಯಲ್ಲೂ ಈ ಎರಡು ದಿನ ಗೊತ್ತಿರುತ್ತದೆ. ಮೊದಲ ಡೋಸ್ ಬೇರೆ ತಿಂಗಳಲ್ಲಿ ಆಗಿದ್ದರೆ ನಾವಾಗಿ ಮುಂದಕ್ಕೆ ತಳ್ಳುವ ಹಾಗಿಲ್ಲ, ಡಾಕ್ಟರೇ ಹೇಳಬೇಕು.

ಟೆರಿಪ್ಯಾರಟೈಡ್ ಅಂದರೆ ದಿನಾ 20 ಮೈಕ್ರೋಗ್ರಾಂ ಚುಚ್ಚಿಕೊಳ್ಳುವ ಪೆನ್. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರ್‌ನಲ್ಲಿ ಅಲ್ಲ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಮನೆಗೆ ಇದನ್ನು ಕೊಡುವಾಗ ಐಸ್ ಪ್ಯಾಕ್ ಹಾಕಿದ ಡಬ್ಬಿಯ ವ್ಯವಸ್ಥೆ ಕೇಳಿಕೊಳ್ಳಿ, ಪೆನ್ ಐಸಿಗೆ ನೇರ ತಾಗದ ಹಾಗೆ ಬಟ್ಟೆ ಸುತ್ತಬೇಕು. ಒಂದು ಪೆನ್ 28 ದಿನಕ್ಕೆ, ಆಮೇಲೆ ಔಷಧಿ ಉಳಿದಿದ್ದರೂ ಎಸೆಯಬೇಕು. ಮೊದಮೊದಲು ತಲೆ ಸುತ್ತಬಹುದು, ಕೂತೇ ಹಾಕಿಕೊಳ್ಳಲಿ. ಕೋರ್ಸ್ ಮುಗಿದ ಮೇಲೆ ಬೇರೆ ಔಷಧಿ ಮುಂದುವರಿಯಬೇಕು, ಇಲ್ಲದಿದ್ದರೆ ಗಳಿಸಿದ್ದು ಕರಗುತ್ತದೆ.

ವಿಟಮಿನ್ ಡಿ 60,000 ಯೂನಿಟ್‌ನ ಪೊಟ್ಟಣ ವಾರಕ್ಕೊಂದು ಅಂತ ಬರೆದಿರುತ್ತಾರೆ, ದಿನಾ ಒಂದರಂತೆ ತಿಂದು ಬರುವವರಿದ್ದಾರೆ. ಅದು ವಿಷವಾಗುತ್ತದೆ. ಪೊಟ್ಟಣದ ಮೇಲೇ ಪೆನ್ನಿನಲ್ಲಿ ವಾರ ಬರೆದುಕೊಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆ, ಒಂದು ಸಲಕ್ಕೆ 500 ಮಿಲಿಗ್ರಾಂ ಸಾಕು, ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ. ಅಲೆಂಡ್ರೊನೇಟ್ ನುಂಗಿದ ದಿನ ಬೆಳಗ್ಗೆ ಕ್ಯಾಲ್ಸಿಯಂ ಬೇಡ, ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲಿ. ಊಟದಲ್ಲಿ ನಮ್ಮದು ಅಕ್ಕಿಯ ಊರು: ಕಡುಂಬುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿ. ಅಕ್ಕಿಯಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಇದೆ. ಬೆಳಗ್ಗೆ ರಾಗಿ ಗಂಜಿ, ಎರಡು ಲೋಟ ಹಾಲು ಅಥವಾ ಮೊಸರು, ಎಳ್ಳಿನ ಚಟ್ನಿ, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು. ಪಂದಿ ಕರಿ ತಿನ್ನಬಹುದಾ ಅಂತ ಕೇಳೇ ಕೇಳುತ್ತಾರೆ. ತಿನ್ನಲಿ, ಪ್ರೋಟೀನ್ ಬೇಕು, ಆದರೆ ಗೂನು ಇರುವವರಿಗೆ ಹೊಟ್ಟೆ ಬೇಗ ತುಂಬುತ್ತದೆ, ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಿ.

ಮನೆಗೆ ಕಳಿಸುವ ಮೊದಲು

"ಬಗ್ಗಬೇಡಿ" ಅಂದರೆ ಸಾಲದು, ಅವರ ದಿನದಲ್ಲಿ ಬಗ್ಗುವುದು ಎಲ್ಲೆಲ್ಲಿ ಅಂತ ಕೂತು ಹುಡುಕಿ. ಮೋಟು ಪೊರಕೆಯಲ್ಲಿ ಅಂಗಳ ಗುಡಿಸುವುದು, ಬಚ್ಚಲೊಲೆಗೆ ಸೌದೆ ತಳ್ಳುವುದು, ಮಣೆ ಮೇಲೆ ಕೂತು ಮೀನು ಕೊಯ್ಯುವುದು, ನೂಲ್‌ಪುಟ್ಟು ಒತ್ತುವುದು, ಕಣದಲ್ಲಿ ಕಾಫಿ ಹರಡುವುದು. ಇವು ಸದ್ಯಕ್ಕೆ ಬೇರೆಯವರಿಗೆ. ಮೊದಲ ವಾರಗಳಲ್ಲಿ ಎರಡು ಕಿಲೋಗಿಂತ ಭಾರ ಎತ್ತುವುದು ಬೇಡ, ಮೊಮ್ಮಗುವನ್ನೂ ಎತ್ತಬಾರದು, ಮಗು ಮಡಿಲಿಗೆ ಬರಲಿ. ಪೂರ್ತಿ ಕೆಲಸ ಕಿತ್ತುಕೊಂಡರೆ ಮನೆ ನಡೆಸಿದ ಹೆಂಗಸಿನ ಮನಸ್ಸು ಕುಗ್ಗುತ್ತದೆ. ಮೇಜಿನ ಎತ್ತರದಲ್ಲಿ ಕೂತು ಬೆಳ್ಳುಳ್ಳಿ ಸುಲಿಯಲಿ, ಕರಿಮೆಣಸು ಆರಿಸಲಿ. ಮದುವೆ ಮನೆಯಲ್ಲಿ ಹಿರಿಯರ ಕಾಲು ಮುಟ್ಟಲು ಬಗ್ಗುವುದು ನಮ್ಮಲ್ಲಿ ಬಿಡಲಾಗದ ಪದ್ಧತಿ, ನಿಂತೇ ಕೈ ಮುಗಿದರೆ ಯಾರೂ ತಪ್ಪು ತಿಳಿಯುವುದಿಲ್ಲ ಅಂತ ಮಗನ ಎದುರೇ ಹೇಳಿ. ನಮಾಜು ಕುರ್ಚಿಯ ಮೇಲೆ ಕೂತು ಮಾಡಬಹುದು. ಟಿವಿ ನೋಡಿ ಯೋಗ ಮಾಡುವವರಿಗೆ ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಸೂರ್ಯನಮಸ್ಕಾರ ಬೇಡ. ಬೆನ್ನು ಗಟ್ಟಿ ಮಾಡುವ ವ್ಯಾಯಾಮ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದೇ ಆಗಲಿ.

ಬೀಳುವ ಜಾಗಗಳು ನಮ್ಮ ಮನೆಗಳಲ್ಲಿ ಒಂದೇ ತರ. ಹೊರಗಿನ ಬಚ್ಚಲಿಗೆ ಹೋಗುವ ಪಾಚಿ ಕಟ್ಟಿದ ಕಲ್ಲು, ಎತ್ತರದ ಹೊಸ್ತಿಲು, ಕಾಲಿಗೆ ಸುತ್ತುವ ನಾಯಿ, ಕರೆಂಟ್ ಹೋದ ರಾತ್ರಿ. ಪಾಚಿಗೆ ಬ್ಲೀಚಿಂಗ್ ಪುಡಿ, ಕಂಬಕ್ಕೆ ಹಿಡಿಯಲು ಹಿಡಿಕೆ, ದಿಂಬಿನ ಪಕ್ಕ ಟಾರ್ಚ್, ರಾತ್ರಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ. ಇದಕ್ಕೆ ದೊಡ್ಡ ಖರ್ಚಿಲ್ಲ.

ಲೈನ್ ಮನೆಯವರ, ಅಂದರೆ ತೋಟದ ಕೂಲಿಕಾರರ ಪರಿಸ್ಥಿತಿ ಬೇರೆ. ಕೊಯ್ಲಿನ ಹೊತ್ತಿನಲ್ಲಿ ರಜೆ ಅಂದರೆ ಕೂಲಿ ಇಲ್ಲ. ವಿಶ್ರಾಂತಿ ತಗೊಳ್ಳಿ ಅಂತ ಚೀಟಿಯಲ್ಲಿ ಬರೆದು ಕೈತೊಳೆದುಕೊಂಡರೆ ಮರುವಾರ ಬುಟ್ಟಿ ಕಟ್ಟಿಕೊಂಡು ಇಳಿಜಾರಿನಲ್ಲಿರುತ್ತಾರೆ. ತೋಟದ ರೈಟರ್ (ಕೂಲಿ ಲೆಕ್ಕ ಬರೆಯುವವರು) ಜೊತೆ ಫೋನಿನಲ್ಲಿ ಮಾತಾಡಿ, ಎಷ್ಟು ವಾರ, ಆಮೇಲೆ ಯಾವ ಹಗುರ ಕೆಲಸ ಅಂತ ಡಾಕ್ಟರ ಸಹಿಯ ಪತ್ರ ಕೊಡಿಸಿ. ಭಾಷೆಯನ್ನೂ ನೋಡಿಕೊಳ್ಳಿ. ತಮಿಳು, ಮಲಯಾಳಂ, ಯರವ, ಅಸ್ಸಾಮಿನಿಂದ ಬಂದವರ ಭಾಷೆ, ಎಲ್ಲವೂ ಒಂದೇ ವಾರ್ಡಿನಲ್ಲಿರುತ್ತದೆ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಪಕ್ಕಕ್ಕೆ ಹೊರಳಿ ಏಳುವುದನ್ನು ಅವರೇ ಮಾಡಿ ತೋರಿಸಲಿ, ಮಾತ್ರೆ ಯಾವಾಗ ಅಂತ ಅವರ ಮಾತಿನಲ್ಲೇ ಹೇಳಲಿ, ಸರಿಯಾಗುವವರೆಗೆ.

ಹೋದ ಮೇಲೆ ಎರಡು ವಾರಕ್ಕೊಂದು ಫೋನ್ ಮಾಡಿ, ಆಗದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಹೊಸ ಜಾಗದಲ್ಲಿ ನೋವು ಇದೆಯಾ, ಕಾಲಿನಲ್ಲಿ ಬಲ ಹೇಗಿದೆ, ಮೂತ್ರ ಸರಿ ಹೋಗುತ್ತಾ, ಈ ವಾರದ ಮಾತ್ರೆ ಯಾವ ದಿನ ನುಂಗಿದರು ಮತ್ತು ಕಾಫಿ ಯಾವಾಗ ಕುಡಿದರು, ಬಿದ್ದಿದ್ದಾರಾ, ತೊಡೆಯಲ್ಲಿ ಅಥವಾ ತೊಡೆಸಂದಿನಲ್ಲಿ ಮೊಂಡು ನೋವು ಬಂದಿದೆಯಾ. ಕೊನೆಯದನ್ನು ವರ್ಷಗಟ್ಟಲೆ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಅಥವಾ ಡೆನೊಸುಮ್ಯಾಬ್ ಪಡೆದವರಲ್ಲಿ ಬಿಡದೆ ಕೇಳಬೇಕು, ತೊಡೆಮೂಳೆ ಬಿರುಕು ಬಿಡುವ ಮೊದಲ ಸುಳಿವು ಅದೇ ಇರಬಹುದು. ಮುಂದಿನ ಇಂಜೆಕ್ಷನ್ ದಿನಾಂಕವನ್ನು ಅವರ ಫೋನಿನಲ್ಲಿ ಅಲ್ಲ, ಮಗಳ ಫೋನಿನಲ್ಲಿ ಹಾಕಿಸಿ, ವಾರ್ಡಿನ ರಿಜಿಸ್ಟರ್‌ನಲ್ಲೂ ಬರೆದಿಡಿ.